ಬುಡದಲ್ಲಿ ಅಣಬೆ ಎದ್ದ ಗಿಡ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ಊರ ಹಳೆಯ ಗಿಡವೆಂದರೆ ಬಹುಮಟ್ಟಿಗೆ ಬೇವು, ಹುಣಸೆ, ಆಲ, ಇಲ್ಲವೇ ಅರಳಿ. ಅದರ ಕೆಳಗೇ ಕಟ್ಟೆ, ಚಹಾದಂಗಡಿ, ಬಸ್ಸು ಕಾಯುವ ಜನ. ಮುಂಗಾರಿಗೆ ಮುಂಚಿನ ಬಿರುಗಾಳಿಗೆ ಎಲ್ಲಾದರೂ ಒಂದು ಮರ ಉರುಳಿದರೆ ಸಾಕು, ಎಲ್ಲರೂ ತಮ್ಮೂರಿನ ಮರದ ಬುಡ ನೋಡತೊಡಗುತ್ತಾರೆ. ಅಲ್ಲಿ ಕಟ್ಟಿಗೆಯಂತೆ ಗಟ್ಟಿಯಾದ ಕಂದು ಅಣಬೆ ಕಂಡರೆ ಒಂದು ಗುಂಪು “ಕಡದ್ ಹಾಕ್ರಿ” ಅನ್ನುತ್ತದೆ, ಇನ್ನೊಂದು “ದೇವ್ರ ಗಿಡ, ಕೈ ಹಚ್ಚಬ್ಯಾಡ್ರಿ” ಅನ್ನುತ್ತದೆ. ಕೊಳೆತ ಎಲ್ಲಿದೆ, ಗಟ್ಟಿ ಕಟ್ಟಿಗೆ ಎಷ್ಟು ಉಳಿದಿದೆ ಎಂದು ಎರಡೂ ಗುಂಪು ಕೇಳುವುದಿಲ್ಲ.

ತಪ್ಪು ಕಲ್ಪನೆ: ಅಣಬೆ ಕಂಡರೆ ಮರ ಸತ್ತಂತೆಯೇ. ಇಲ್ಲವೇ, ಅಣಬೆ ಕಿತ್ತೆಸೆದರೆ ರೋಗ ಹೋಯಿತು.

ವಾಸ್ತವ: ಹೊರಗೆ ಕಾಣುವುದು ಬೀಜಕಣ ಹಾರಿಸಲು ಬಂದ ಭಾಗ ಮಾತ್ರ. ಶಿಲೀಂಧ್ರ ಒಳಗೆ ಎಷ್ಟೋ ವರ್ಷಗಳಿಂದ ಇರುತ್ತದೆ. ಅಣಬೆ ಕಿತ್ತರೆ ಕೊಳೆತ ನಿಲ್ಲದು, ಗುರುತು ಮಾತ್ರ ಅಳಿಯುತ್ತದೆ. ಮರವೂ ಸುಮ್ಮನಿರುವುದಿಲ್ಲ. ಕೊಳೆತ ಭಾಗದ ಸುತ್ತ ತಡೆಗೋಡೆ ಕಟ್ಟಿಕೊಂಡು ಹೊಸ ಕಟ್ಟಿಗೆ ಬೆಳೆಸುತ್ತ ಹೋಗುತ್ತದೆ ಎಂಬುದನ್ನು ಅಮೆರಿಕದ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದರು. ಹಾಗಾಗಿ ಅಣಬೆ ಎದ್ದ ಜಾಗ ಮುಖ್ಯ. ಕೊಂಬೆಯ ಮೇಲಿದ್ದರೆ ಆ ಕೊಂಬೆಯ ಪಾಡು ನೋಡಿದರಾಯಿತು. ಬುಡದಲ್ಲಿ ಗ್ಯಾನೋಡರ್ಮಾದಂಥ ಅಣಬೆ ಇದ್ದರೆ ಬೇರು ಮತ್ತು ಬುಡ ಕೊಳೆಯುತ್ತಿವೆ ಎಂದರ್ಥ. ಅದನ್ನು ಹಗುರಾಗಿ ತೆಗೆದುಕೊಳ್ಳಬಾರದು. ಕೊಳೆತದ ಬಗೆಯನ್ನೂ ನೋಡಬೇಕು. ಕಟ್ಟಿಗೆ ಬಿಳಿಚಿಕೊಂಡು ನಾರುನಾರಾಗಿದ್ದರೆ ಮರ ಸಾಮಾನ್ಯವಾಗಿ ಬಾಗಿ, ಬಿರಿದು ಮುನ್ಸೂಚನೆ ಕೊಡುತ್ತದೆ. ಕಂದಾಗಿ ಚೌಕ ಚೌಕವಾಗಿ ಒಡೆದು ಪುಡಿಯಾಗುತ್ತಿದ್ದರೆ ಸದ್ದಿಲ್ಲದೆ ಮುರಿಯಬಹುದು.

ತಪ್ಪು ಕಲ್ಪನೆ: ಟೊಳ್ಳಾದ ಮರ ಇವತ್ತಲ್ಲ ನಾಳೆ ಬೀಳುವುದೇ.

ವಾಸ್ತವ: ಕಾಂಡದ ಬಲವಿರುವುದು ಹೆಚ್ಚಾಗಿ ಹೊರವಲಯದಲ್ಲಿ, ಕಬ್ಬಿಣದ ಪೈಪು ಒಳಗೆ ಖಾಲಿಯಿದ್ದೂ ಭಾರ ತಡೆಯುವಂತೆ. ನಡುವಿನ ಟೊಳ್ಳು ವ್ಯಾಸದ ಅರ್ಧದಷ್ಟಿದ್ದರೂ ಬಾಗುವಿಕೆಯನ್ನು ತಡೆಯುವ ಶಕ್ತಿ ಕುಗ್ಗುವುದು ಸುಮಾರು 6%. ಟೊಳ್ಳು 70% ಆದರೆ 24% ಕುಗ್ಗುತ್ತದೆ. 90%ಕ್ಕೆ ಮುಟ್ಟಿದರೆ ಮೂರರಲ್ಲಿ ಎರಡು ಪಾಲು ಬಲವೇ ಹೋಗಿರುತ್ತದೆ. ಸುತ್ತಲೂ ಉಳಿದ ಗಟ್ಟಿ ಕಟ್ಟಿಗೆಯ ದಪ್ಪ ತ್ರಿಜ್ಯದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾದರೆ ಎಚ್ಚರವಿರಲಿ ಎಂಬುದು ಜರ್ಮನಿಯ ಕ್ಲಾಸ್ ಮ್ಯಾಥೆಕ್ ಅವರ ಹೆಸರಿನಲ್ಲಿ ಬಳಕೆಗೆ ಬಂದ ಲೆಕ್ಕ. ಸುತ್ತಳತೆ 280 ಸೆಂ.ಮೀ. ಇರುವ ಬೇವಿಗೆ ಸುಮಾರು 15 ಸೆಂ.ಮೀ. ಗಟ್ಟಿ ಗೋಡೆ ಬೇಕು ಎಂದಾಯಿತು. ಇದು ಸುತ್ತ ಮುಚ್ಚಿಕೊಂಡ, ನಟ್ಟನಡುವಿನ ಟೊಳ್ಳಿಗೆ ಮಾತ್ರ ಹೊಂದುವ ಲೆಕ್ಕ. ಒಂದು ಪಕ್ಕ ಬಾಯ್ದೆರೆದ ಪೊಟರೆಗೂ ಕೊಳೆತ ಬೇರಿಗೂ ಅನ್ವಯಿಸದು. ಮರದ ಸುತ್ತಿಗೆಯಿಂದ ಕಾಂಡವನ್ನು ಸುತ್ತಲೂ ತಟ್ಟಿ ಸದ್ದಿನ ವ್ಯತ್ಯಾಸ ಕೇಳುವುದು ಮೊದಲ ಪರೀಕ್ಷೆ. ಪೊಟರೆಯೊಳಗೆ ತೆಳು ಸರಳು ಇಳಿಸಿ ಆಳ ನೋಡುವುದು ಎರಡನೆಯದು. ಅನುಮಾನ ಉಳಿದರೆ ಶಬ್ದತರಂಗದಿಂದ ಒಳಗಿನ ಚಿತ್ರ ಕೊಡುವ ಉಪಕರಣಗಳಿವೆ. ಆದರೆ ತಾಲ್ಲೂಕು ಮಟ್ಟದಲ್ಲಿ ಈ ಎರಡು ಪರೀಕ್ಷೆ ಮಾಡಿದರೂ ದೊಡ್ಡದೇ.

ತಪ್ಪು ಕಲ್ಪನೆ: ಮೇಲೆ ಹಸಿರಾಗಿದೆ ಅಂದ ಮೇಲೆ ಭಯವಿಲ್ಲ.

ವಾಸ್ತವ: ನೀರು ಮೇಲೇರುವುದು ಹೊರಪದರದ ಎಳೆ ಕಟ್ಟಿಗೆಯಲ್ಲಿ. ನಡುವಿನ ಕೆಚ್ಚು ಕೊಳೆತರೂ, ಆಧಾರದ ಬೇರು ಒಂದು ಪಕ್ಕ ಸತ್ತರೂ ಎಲೆ ಹಸಿರಾಗಿಯೇ ಇರಬಹುದು. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದೊಡನೆ ಉಬ್ಬಿ ಮೆತ್ತಗಾಗುತ್ತದೆ. ಮೊದಲೇ ಬೇರು ಕೊಳೆತಿದ್ದು, ನಲ್ಲಿ ಪೈಪಿಗೆಂದು ಬುಡದ ಪಕ್ಕವೇ ಅಗೆದು ಉಳಿದ ಬೇರನ್ನೂ ಕಡಿದಿದ್ದರೆ, ಮೊದಲ ಗಾಳಿಮಳೆಗೇ ಮರ ಬೇರುಸಹಿತ ಉರುಳುತ್ತದೆ. ಹೊಸದಾಗಿ ವಾಲಿದ್ದು, ವಾಲಿದ ಬೆನ್ನಿನ ಕಡೆ ನೆಲ ಎದ್ದದ್ದು ಕಂಡರೆ ಅದೇ ದಿನ ಜನರನ್ನು ದೂರವಿಡಬೇಕು. ಬೇವಿನ ಚಿಗುರುತುದಿಗಳು ಸುಟ್ಟಂತೆ ಒಣಗುವುದು ಬೇರೆಯದೇ ಕತೆ. ಅದು ಫೋಮಾಪ್ಸಿಸ್ ಎಂಬ ಇನ್ನೊಂದು ಶಿಲೀಂಧ್ರ ತರುವ ತುದಿ ಒಣಗು ರೋಗ. ಅಷ್ಟಕ್ಕೇ ಕಾಂಡದ ಬಲ ಹೋಯಿತೆಂದು ಕೊಡಲಿ ಹಿಡಿಯಬೇಕಿಲ್ಲ.

ತಪ್ಪು ಕಲ್ಪನೆ: ಪೊಟರೆಗೆ ಸಿಮೆಂಟು ತುಂಬಿ, ಸುತ್ತ ಕಟ್ಟೆ ಕಟ್ಟಿದರೆ ಮರ ಗಟ್ಟಿ.

ವಾಸ್ತವ: ಮರ ಗಾಳಿಗೆ ತೂಗುತ್ತದೆ, ಸಿಮೆಂಟು ತೂಗುವುದಿಲ್ಲ. ನಡುವಿನ ಸಂದಿಯಲ್ಲಿ ನೀರು ನಿಂತು ಕೊಳೆತಕ್ಕೆ ಅನುಕೂಲವಾಗುತ್ತದೆ. ಬುಡಕ್ಕೆ ಮಣ್ಣೇರಿಸಿ ಕಟ್ಟಿದ ಕಟ್ಟೆ ಇನ್ನೂ ಕೆಟ್ಟದ್ದು: ತೊಗಟೆ ಸದಾ ತೇವವಾಗಿರುತ್ತದೆ, ಬೇರಿಗೆ ಉಸಿರಿಲ್ಲ, ಕೊಳೆತದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಭೀಮಾ–ಅಮರ್ಜಾ ಕೂಡುವ ಗಾಣಗಾಪುರದ ಸಂಗಮದಲ್ಲಿ ಔದುಂಬರದ ಕೆಳಗೆ ಜನ ಪಾರಾಯಣಕ್ಕೆ ಕೂರುತ್ತಾರೆ. ಅಂಥ ಕಡೆ ಬುಡವನ್ನು ತೆರೆದಿಟ್ಟು ಕಟ್ಟೆಯನ್ನು ದೂರ ಸರಿಸುವುದೇ ಭಕ್ತಿಯೆಂದು ನನ್ನ ಎಣಿಕೆ.

ತಪ್ಪು ಕಲ್ಪನೆ: ತಾಯಿಕಾಂಡ ಕೊಳೆತರೆ ಆಲದ ಮರ ಮುಗಿಯಿತು.

ವಾಸ್ತವ: ಹೌರಾದ ಸಸ್ಯೋದ್ಯಾನದ ದೊಡ್ಡ ಆಲಕ್ಕೆ 1864 ಮತ್ತು 1867ರ ಚಂಡಮಾರುತಗಳು ಗಾಯ ಮಾಡಿದವು, ಶಿಲೀಂಧ್ರ ಹತ್ತಿತು, 1925ರಲ್ಲಿ ತಾಯಿಕಾಂಡವನ್ನೇ ತೆಗೆದರು. ಬಿಳಲುಗಳ ಮೇಲೆ ಮರ ಇಂದಿಗೂ ಹರಡುತ್ತಿದೆ. ಬೇವಿಗೆ, ಹುಣಸೆಗೆ ಈ ಅನುಕೂಲವಿಲ್ಲ.

ತಪ್ಪು ಕಲ್ಪನೆ: ಕಡಿಯಬೇಕು, ಇಲ್ಲವೇ ಬಿಡಬೇಕು, ಕಾನೂನು ಕಡಿಯಲು ಬಿಡದು.

ವಾಸ್ತವ: ಊರಾಚೆ ಹೊಲದ ಬದುವಿನಲ್ಲಿ ನಿಂತ ಟೊಳ್ಳು ಹುಣಸೆ ಬಿದ್ದರೂ ಯಾರ ಮೇಲೂ ಬೀಳದು, ಅದು ಗೂಬೆ, ಗಿಳಿಗಳಿಗೆ ಮನೆಯಾಗಿರಲಿ. ಅದೇ ಮರ ಅಂಗನವಾಡಿಯ ಪಕ್ಕವಿದ್ದರೆ ಮಾತೇ ಬೇರೆ. ಆಗಲೂ ಭಾರದ ಕೊಂಬೆಗಳ ತುದಿ ತಗ್ಗಿಸಿ ಗಾಳಿಯ ಹೊಡೆತ ಕಡಿಮೆ ಮಾಡುವ ದಾರಿಯಿದೆ. ತಲೆ ಬೋಳಿಸುವುದಲ್ಲ, ಆ ಗಾಯದಿಂದಲೇ ಹೊಸ ಕೊಳೆತ ಶುರುವಾಗುತ್ತದೆ. ಕಡಿಯಲೇಬೇಕಾದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರಡಿ ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು. ಜೀವಕ್ಕೆ, ಆಸ್ತಿಗೆ ಅಪಾಯ ತರುವ ಮರಕ್ಕೆ ಅದರಲ್ಲಿ ಅವಕಾಶವಿದೆ. ಅರ್ಜಿಯಲ್ಲಿ “ಮರ ಅಪಾಯಕಾರಿ” ಎಂದಷ್ಟೇ ಬರೆಯದೆ ಅಣಬೆಯ ಫೋಟೊ, ಪೊಟರೆಯ ಆಳ, ವಾಲಿದ ದಿಕ್ಕು, ಕೆಳಗೆ ಯಾವ ಹೊತ್ತಿನಲ್ಲಿ ಜನ ಸೇರುತ್ತಾರೆ ಎಂಬುದನ್ನೂ ಸೇರಿಸಿ. ಉತ್ತರ ಬರುವ ತನಕ ಚಹಾದಂಗಡಿಯನ್ನು ಆಚೆ ಸರಿಸಿ, ದನಗಳನ್ನು ಬೇರೆಡೆ ಕಟ್ಟಿ.