ಕಡ್ಡಿಪೆಟ್ಟಿಗೆಯ ಜೀರಂಗಿ, ಗೇಮ್ ಬಾಯ್‌ನ ಪೋಕೆಮಾನ್

ಮುಂಗಾರಿನ ಒಂದೆರಡು ಹದವಾದ ಮಳೆ ಬಿದ್ದ ಮೇಲೆ ಸವದತ್ತಿ ಸುತ್ತಲಿನ ಎರಿ ಹೊಲಗಳ ಬದುವಿಗೆ ಹೋಗಿ ನೋಡಬೇಕು. ಜಾಲಿ ಗಿಡದಲ್ಲಿ, ಬಾರಿ ಕಂಟಿಯಲ್ಲಿ ಜೀರಂಗಿ ಕೂತಿರುತ್ತದೆ. ರೆಕ್ಕೆಯ ಕವಚ ಹಸಿರು. ಬಿಸಿಲಿಗೆ ಹಿಡಿದು ತಿರುವಿದರೆ ನೀಲಿ, ಇನ್ನೊಂಚೂರು ತಿರುವಿದರೆ ತಾಮ್ರದ ಬಣ್ಣ. ಹುಡುಗರು ಅದನ್ನು ಹಿಡಿದು ಕಡ್ಡಿಪೆಟ್ಟಿಗೆಗೆ ಹಾಕುತ್ತಾರೆ. ಜಾಲಿಯ ಎಳೆ ಎಲೆ ಮೇಯಿಸುತ್ತಾರೆ. ಅಕ್ಕಿಕಾಳಿನಂಥ ತತ್ತಿ ಇಟ್ಟಿತೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ಪೆಟ್ಟಿಗೆ ತೆರೆಯುತ್ತಾರೆ. ಯಾರದು ದೊಡ್ಡದು, ಯಾರದು ಹೆಚ್ಚು ತತ್ತಿ ಇಟ್ಟಿತು, ದಾರ ಕಟ್ಟಿ ಬಿಟ್ಟರೆ ಯಾರದು ಹೆಚ್ಚು ಹೊತ್ತು ಗುಂಯ್‌ಗುಟ್ಟಿತು ಎಂಬುದರ ಮೇಲೆ ಸಾಲಿಯ ಹಿಂದಿನ ಬಯಲಿನಲ್ಲಿ ಜಗಳ. ಎರಡು ಸಣ್ಣವು ಕೊಟ್ಟು ಒಂದು ದೊಡ್ಡದು ತಗೊಳ್ಳುವ ವ್ಯವಹಾರವೂ ಅಲ್ಲೇ ಕುದುರುತ್ತದೆ.

ಜಗತ್ತಿನ ಅತಿ ದೊಡ್ಡ ವಿಡಿಯೊ ಗೇಮ್ ಸರಣಿಗಳಲ್ಲಿ ಒಂದು ಹುಟ್ಟಿದ್ದು ಇಂಥದೇ ಚಟದಿಂದ.

ಸತೋಶಿ ತಾಜಿರಿ 1965ರಲ್ಲಿ ಹುಟ್ಟಿ, ಟೋಕಿಯೊದ ಹೊರವಲಯದ ಮಚಿದಾ ಎಂಬಲ್ಲಿ ಬೆಳೆದವನು. ಹುಳ ಹಿಡಿಯುವುದರಲ್ಲಿ ಎಂಥ ನಿಸ್ಸೀಮ ಎಂದರೆ ಗೆಳೆಯರು ಅವನಿಗೆ ‘ಹುಳದ ಡಾಕ್ಟರ್’ ಎಂದೇ ಹೆಸರಿಟ್ಟಿದ್ದರು. ಉಳಿದವರು ಮರಕ್ಕೆ ಜೇನು ಸವರಿ ಕಾಯುತ್ತಿದ್ದರೆ ಇವನು ಮರದ ಬುಡದಲ್ಲಿ ಕಲ್ಲಿಟ್ಟು ಬರುತ್ತಿದ್ದ. ಹಗಲು ಮಲಗಲು ಜಾಗ ಹುಡುಕುವ ದುಂಬಿಗಳು ತಾವಾಗಿಯೇ ಅದರಡಿ ಸೇರುತ್ತಿದ್ದವು. ಆದರೆ ಊರು ಬೆಳೆಯಿತು. ಗದ್ದೆಗಳ ಮೇಲೆ ಮನೆಗಳೆದ್ದವು. ಅವನು ಮೀನು ಹಿಡಿಯುತ್ತಿದ್ದ ಹೊಂಡವಿದ್ದ ಜಾಗದಲ್ಲಿ ಕಾಸು ಹಾಕಿ ಆಡುವ ವಿಡಿಯೊ ಗೇಮಿನ ಅಂಗಡಿ ಬಂತು. ಹುಡುಗ ಆ ಅಂಗಡಿಯೊಳಗೇ ಹೊಕ್ಕ. 1983ರಲ್ಲಿ ‘ಗೇಮ್ ಫ್ರೀಕ್’ ಎಂಬ ಪತ್ರಿಕೆಯನ್ನು ಕೈಯಲ್ಲಿ ಬರೆದು, ಪ್ರತಿ ತೆಗೆದು, ಪಿನ್ನು ಹೊಡೆದು ಮಾರಲು ಶುರುಮಾಡಿದ. ಚಿತ್ರ ಬರೆಯಲು ಕೆನ್ ಸುಗಿಮೊರಿ ಜೊತೆಯಾದ. 1989ರಲ್ಲಿ ಅದೇ ಹೆಸರಿನ ಕಂಪನಿ ಎದ್ದಿತು.

ಅದೇ ವರ್ಷ ನಿಂಟೆಂಡೊ ಕಂಪನಿ ‘ಗೇಮ್ ಬಾಯ್’ ತಂದಿತು. ನಾಲ್ಕು ಪೆನ್ಸಿಲ್ ಸೆಲ್ಲಿನ ಮೇಲೆ ಓಡುವ, ಅಂಗೈಯಲ್ಲಿ ಹಿಡಿದು ಆಡುವ ಯಂತ್ರ. ಎರಡು ಯಂತ್ರಗಳನ್ನು ಒಂದು ವೈರಿನಿಂದ ಜೋಡಿಸುವ ಅನುಕೂಲವಿತ್ತು. ಬೇರೆಯವರು ಆ ವೈರನ್ನು ಇಬ್ಬರು ಎದುರಾಳಿಗಳಾಗಿ ಸೆಣಸಲು ಬಳಸಿದರು. ತಾಜಿರಿಯ ಕಣ್ಣಿಗೆ ಮಾತ್ರ ಅದರ ಮೇಲೆ ಒಂದು ಹುಳ ಈ ಕಡೆಯಿಂದ ಆ ಕಡೆಗೆ ತೆವಳಿಕೊಂಡು ಹೋದಂತೆ ಕಂಡಿತು. ಪೋಕೆಮಾನ್‌ನ ಬೀಜ ಇದೇ. ಮೊಳಕೆಯೊಡೆಯಲು ಆರು ವರ್ಷ ಹಿಡಿಯಿತು. ನಡುವೆ ಕಂಪನಿ ಬಾಗಿಲು ಹಾಕುವ ಸ್ಥಿತಿಗೂ ಬಂದಿತ್ತು. 1996ರ ಫೆಬ್ರುವರಿ 27ರಂದು ಜಪಾನಿನಲ್ಲಿ ‘ಕೆಂಪು’ ಮತ್ತು ‘ಹಸಿರು’ ಎಂಬ ಎರಡು ಆಟಗಳು ಒಟ್ಟಿಗೆ ಮಾರುಕಟ್ಟೆಗೆ ಬಂದವು. ಕಾಲ್ಪನಿಕ ಪ್ರಾಣಿಗಳನ್ನು ಹಿಡಿದು, ಪಳಗಿಸಿ, ಕಾಳಗಕ್ಕೆ ಬಿಟ್ಟು, ಅವುಗಳ ಪಟ್ಟಿ ತುಂಬುವುದೇ ಆಟ.

ಒಂದೇ ಆಟವನ್ನು ಎರಡು ಬಣ್ಣದಲ್ಲಿ ಮಾರಿದ್ದು ದುಡ್ಡಿನ ಆಸೆಗೆ ಎನ್ನುವವರಿದ್ದಾರೆ. ಅದು ಸುಳ್ಳೇನಲ್ಲ. ಆದರೆ ಆಟದ ಜಾಣತನವೂ ಅಲ್ಲೇ ಇದೆ. ಕೆಂಪಿನಲ್ಲಿ ಸಿಗುವ ಕೆಲವು ಪ್ರಾಣಿಗಳು ಹಸಿರಿನಲ್ಲಿ ಹುಟ್ಟುವುದೇ ಇಲ್ಲ, ಹಸಿರಿನವು ಕೆಂಪಿನಲ್ಲಿಲ್ಲ. ಮೊದಲಿಗೆ ಕೊಡುವ ಮೂರರಲ್ಲಿ ಒಂದನ್ನೇ ಆರಿಸಬೇಕು. ಇನ್ನು ಕೆಲವು ಪ್ರಾಣಿಗಳು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ ಹೊರತು ತಮ್ಮ ಕೊನೆಯ ರೂಪಕ್ಕೆ ಬರುವುದಿಲ್ಲ. ಹೀಗಾಗಿ ಎಷ್ಟೇ ನಿದ್ದೆಗೆಟ್ಟು ಆಡಿದರೂ ಒಬ್ಬನೇ ಕೂತು ಪಟ್ಟಿ ಪೂರ್ತಿ ಮಾಡಲಾಗದು. ಪಕ್ಕದ ಮನೆಯ ಹುಡುಗನ ಗೆಳೆತನ ಬೇಕೇ ಬೇಕು. ಗೇಮು ಮಕ್ಕಳನ್ನು ಮೂಲೆಗೆ ಕೂರಿಸುತ್ತದೆ ಎಂದು ಬೈಯುವ ನಾವು ಈ ಒಂದು ಆಟಕ್ಕಾದರೂ ರಿಯಾಯಿತಿ ಕೊಡಬೇಕು.

ಕದ್ದು ಸೇರಿಸಿದ ಪ್ರಾಣಿಯ ಕಥೆ ಬೇರೆ. ಪಟ್ಟಿಯ 151ನೆಯ ಪ್ರಾಣಿ ‘ಮ್ಯೂ’ವನ್ನು ಶಿಗೆಕಿ ಮೊರಿಮೊಟೊ ಎಂಬ ಪ್ರೋಗ್ರಾಮರ್ ಕೊನೆ ಗಳಿಗೆಯಲ್ಲಿ, ಉಳಿದಿದ್ದ ಚೂರು ಜಾಗದಲ್ಲಿ ತುರುಕಿದ್ದ. ಅದು ಇದೆ ಎಂಬ ಪಿಸುಮಾತು ಹಬ್ಬಿದ ಮೇಲೆ ಒಂದು ಮಕ್ಕಳ ಪತ್ರಿಕೆ 20 ಮಂದಿಗೆ ಮ್ಯೂ ಕೊಡುವುದಾಗಿ ಸಾರಿತು. ಬಂದ ಅರ್ಜಿಗಳು 78 ಸಾವಿರ. ಮಂದಗತಿಯಲ್ಲಿದ್ದ ಮಾರಾಟ ಅಲ್ಲಿಂದ ಮೇಲೆದ್ದಿತು. ಈಗ ಪಟ್ಟಿ ಸಾವಿರ ದಾಟಿದೆ.

ಆಟದೊಳಗಿನ ಲೆಕ್ಕಾಚಾರದಲ್ಲೂ ಹುಳ ಹಿಡಿದವನ ಕಣ್ಣು ಕಾಣುತ್ತದೆ. ಒಂದೇ ಜಾತಿಯ ಎರಡು ಪ್ರಾಣಿಗಳು ಒಂದೇ ಸಮ ಇರುವುದಿಲ್ಲ. ಪ್ರತಿಯೊಂದಕ್ಕೂ ಹುಟ್ಟಿನಿಂದ ಬಂದ, ಪರದೆಯ ಮೇಲೆ ಕಾಣದ ಅಂಕಿಗಳಿರುತ್ತವೆ. ಕ್ಯಾಟರ್‌ಪಿ ಎಂಬ ಹಸಿರು ಕಂಬಳಿಹುಳ ಏಳನೆಯ ಮಟ್ಟಕ್ಕೆ ಗೂಡು ಕಟ್ಟಿ, ಹತ್ತನೆಯ ಮಟ್ಟಕ್ಕೆ ಚಿಟ್ಟೆಯಾಗಿ ಹೊರಬರುತ್ತದೆ. ನಮ್ಮ ಜೀರಂಗಿಯದೂ ಇದೇ ಹಾದಿ: ಮರಿ ಮಣ್ಣಿನೊಳಗೆ ಬೇರು ತಿಂದುಕೊಂಡು ಬೆಳೆಯುತ್ತದೆ, ಮಳೆಗಾಲ ಬಂದಾಗ ರೆಕ್ಕೆ ಹೊತ್ತು ಮೇಲೆ ಬರುತ್ತದೆ. ಬದುವಿನಲ್ಲಿ ಅಗೆದು ಬಿಳಿ ಹುಳ ಕಂಡ ಹುಡುಗನಿಗೆ ಈ ಆಟವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹಿಡಿಯುವುದಾಯಿತು, ಪಳಗಿಸುವುದು? ಸವದತ್ತಿ, ಬೈಲಹೊಂಗಲ, ರಾಮದುರ್ಗದ ಕಡೆ ಅದಕ್ಕೆ ಉತ್ತರ ಟಗರು. ಕಾಳಗದ ಟಗರಿಗೆ ಹುರುಳಿ, ಕಡಲೆ, ಹಾಲು, ತತ್ತಿ. ಬೆಳಿಗ್ಗೆ ಓಟ, ಆಮೇಲೆ ಈಜು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟು ಹಲ್ಲು ಎಂದು ಬಾಯಿ ತೆರೆದು ನೋಡಿ ಮಟ್ಟ ಕಟ್ಟುತ್ತಾರೆ. ಎರಡು ಹಲ್ಲಿನದನ್ನು ಎಂಟು ಹಲ್ಲಿನದರ ಎದುರು ಬಿಡುವುದಿಲ್ಲ. ಹಿಂದೆ ಸರಿದು ಓಡಿ ಬಂದು ಹಾಯುವುದು, ಮುಖ ತಿರುಗಿಸಿದ್ದು ಸೋತಂತೆ. ಪೋಕೆಮಾನ್ ಆಡುವ ಬೆಂಗಳೂರಿನ ಹುಡುಗನನ್ನು ಈ ಕಣದ ಹತ್ತಿರ ನಿಲ್ಲಿಸಿದರೆ ನಿಯಮವೆಲ್ಲ ಎರಡು ನಿಮಿಷದಲ್ಲಿ ಅವನ ತಲೆಗೆ ಹತ್ತುತ್ತದೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಆಟದ ಪ್ರಾಣಿ ಸಾಯುವುದಿಲ್ಲ, ಮೂರ್ಛೆ ಹೋಗುತ್ತದೆ ಅಷ್ಟೇ. ಅರ್ಥವಿಲ್ಲದ ಹಿಂಸೆ ಬೇಡವೆಂದು ತಾಜಿರಿ ಬೇಕೆಂದೇ ಹಾಗೆ ಮಾಡಿದ್ದು. ಟಗರಿನ ತಲೆಬುರುಡೆಗೆ ಆ ಸವಲತ್ತಿಲ್ಲ. ಪ್ರಾಣಿಗಳನ್ನು ಕಾಳಗಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕರ್ನಾಟಕ 2017ರಲ್ಲಿ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ವಿನಾಯಿತಿ ಕೊಟ್ಟಿತು, 2023ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಟಗರಿನ ಕಾಳಗ ಆ ಪಟ್ಟಿಯಲ್ಲಿಲ್ಲ. ಪೋಕೆಮಾನ್ ಕೂಡ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ. 2010ರ ‘ಕಪ್ಪು’ ಮತ್ತು ‘ಬಿಳಿ’ ಆಟಗಳ ಕಥೆಯಲ್ಲೇ, ಪ್ರಾಣಿಗಳನ್ನು ಮನುಷ್ಯರಿಂದ ಬಿಡಿಸಬೇಕು ಎನ್ನುವ ಗುಂಪೊಂದು ಎದುರಾಗುತ್ತದೆ. ದಾರ ಕಟ್ಟಿದ ಜೀರಂಗಿಯನ್ನು ಸಂಜೆಗೆ ಬಿಟ್ಟುಬಿಡು ಎಂದು ಗದರಿಸುವ ಅಜ್ಜಿಯೂ ಆ ಪಕ್ಷದವಳೇ.

ನಮ್ಮ ಕಡೆಗೆ ಪೋಕೆಮಾನ್ ಬಂದದ್ದು ಹಿಂದುಮುಂದಾಗಿ. ಗೇಮ್ ಬಾಯ್ ಇಲ್ಲಿನ ಅಂಗಡಿಗಳಲ್ಲಿ ಇರಲಿಲ್ಲ. ಇದ್ದದ್ದು ಇಟ್ಟಿಗೆ ಬೀಳಿಸಿ ಜೋಡಿಸುವ ಅಗ್ಗದ ಬ್ರಿಕ್ ಗೇಮ್. ಆಟಕ್ಕಿಂತ ಮೊದಲು ಕಾರ್ಟೂನ್ ಬಂತು, ಅದೂ ಕೇಬಲ್ಲಿನಲ್ಲಿ, ಹಿಂದಿಯಲ್ಲಿ. ಚಿಪ್ಸ್ ಪೊಟ್ಟಣದ ಬಿಲ್ಲೆ, ಜಾತ್ರೆಯ ಆಟಿಕೆ ಸಾಲಿನ ನಕಲಿ ಕಾರ್ಡು ಆಮೇಲೆ ಬಂದವು. ನಿಜವಾದ ಆಟ ಕೈಗೆ ಸಿಕ್ಕಿದ್ದು ಹಳೆ ಯಂತ್ರವನ್ನು ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಅನುಕರಿಸುವ ತಂತ್ರಾಂಶ ಬಂದಾಗ. ಅದರಲ್ಲಿ ವೈರು ಇಲ್ಲದ್ದರಿಂದ ವಿನಿಮಯ ಬಲು ತ್ರಾಸು. ಎಂದರೆ ಆಟದ ಸತ್ವವೇ ಸೋರಿಹೋಗಿತ್ತು.

2016ರ ಜುಲೈಯಲ್ಲಿ ‘ಪೋಕೆಮಾನ್ ಗೋ’ ಹುಟ್ಟಿತು, ಡಿಸೆಂಬರಿನಲ್ಲಿ ಜಿಯೊ ಜೊತೆಗೂಡಿ ಭಾರತಕ್ಕೆ ಅಧಿಕೃತವಾಗಿ ಬಂತು. ಅದಕ್ಕೂ ಮೊದಲೇ, ದೇವಸ್ಥಾನಗಳ ಜಾಗದಲ್ಲಿ ಆಟದ ತತ್ತಿ ಸಿಗುತ್ತದೆ ಎಂಬ ದೂರಿನ ಮೇಲೆ ಗುಜರಾತ್ ಹೈಕೋರ್ಟ್ ನೋಟಿಸ್ ಕೊಟ್ಟಿತ್ತು! ನಡೆದರೆ ಮಾತ್ರ ತತ್ತಿ ಒಡೆಯುವ ಆಟ ಅದು. ಎರಡು, ಐದು, ಹತ್ತು ಕಿಲೋಮೀಟರ್ ಎಂಬ ಲೆಕ್ಕ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆದು ಬರುವವರ ಕಿಸೆಯಲ್ಲಿ ಇದಿದ್ದರೆ ಎಷ್ಟು ತತ್ತಿ ಒಡೆಯುತ್ತಿದ್ದವೋ.

ಆದರೆ ಈ ಆಟದ ನಕಾಶೆ ಪೇಟೆಯ ಪಕ್ಷಪಾತಿ. ಅದರ ತಾಣಗಳಲ್ಲಿ ಬಹುಪಾಲು, ‘ಇನ್‌ಗ್ರೆಸ್’ ಎಂಬ ಹಳೆಯ ಆಟವನ್ನು ಆಡಿದವರು ಸೂಚಿಸಿದ ಜಾಗಗಳು. ಅವರು ಹೆಚ್ಚಾಗಿ ಇದ್ದದ್ದು ನಗರಗಳಲ್ಲಿ. ಊರು ಸಣ್ಣದಾದಷ್ಟೂ ತಾಣ ಕಡಿಮೆ, ಪ್ರಾಣಿಯೂ ಕಡಿಮೆ. ಹುಲ್ಲಿನಲ್ಲಿ ಓಡಾಡಿ ಹುಳ ಹಿಡಿದವನ ನೆನಪಿನಿಂದ ಹುಟ್ಟಿದ ಆಟ ಮಾಲ್‌ಗಳ ಸುತ್ತ ಗಿಜಿಗುಟ್ಟುತ್ತದೆ, ಹೊಲದ ದಾರಿಯಲ್ಲಿ ಖಾಲಿ ಪರದೆ ತೋರಿಸುತ್ತದೆ. ಇದಕ್ಕಿಂತ ದೊಡ್ಡ ತಮಾಷೆ ಬೇಕೆ?

ಭಾಷೆಯ ವಿಷಯದಲ್ಲೂ ಅಷ್ಟೇ. ಗೋ ಆಟ 2023ರಲ್ಲಿ ಹಿಂದಿಗೆ ಬಂತು, ನೂರಾರು ಪ್ರಾಣಿಗಳಿಗೆ ಹಿಂದಿ ಹೆಸರೂ ಬಂತು. ಮೂಲ ಸರಣಿಯ ಆಟಗಳು ಭಾರತದ ಯಾವ ಭಾಷೆಯಲ್ಲೂ ಇಲ್ಲ. ಕನ್ನಡದ ಹುಡುಗ ಇಂಗ್ಲಿಷ್ ಸಾಲುಗಳನ್ನು ಒತ್ತಿ ಒತ್ತಿ ದಾಟಿಸುತ್ತಾನೆ. ಕಥೆ ಅವನಿಗೆ ಸಿಗುವುದಿಲ್ಲ, ಕುಸ್ತಿಯಷ್ಟೇ ಸಿಗುತ್ತದೆ.

ಜಪಾನಿನವರು ಕನ್ನಡಕ್ಕೆ ತರಲಿ ಎಂದು ಕಾಯುವುದರಲ್ಲಿ ನನಗೆ ನಂಬಿಕೆಯಿಲ್ಲ. ಅನಿಮೇಷನ್ ಮತ್ತು ಗೇಮಿಂಗ್ ಉದ್ಯಮಕ್ಕೆ ದೇಶದಲ್ಲೇ ಮೊದಲು ನೀತಿ ರೂಪಿಸಿದ ರಾಜ್ಯ ನಮ್ಮದು, 2012ರಲ್ಲಿ. 2024ರಿಂದ 2029ರವರೆಗಿನ ಹೊಸ ನೀತಿಯೂ ಬಂದಿದೆ. ಸಾಮಗ್ರಿಗೆ ಬರವಿಲ್ಲ. ಮಲಪ್ರಭೆಗೆ ಅಣೆಕಟ್ಟು ಕಟ್ಟಿದ ಜಾಗದ ಹೆಸರೇ ನವಿಲುತೀರ್ಥ. ಮೊದಲ ಮಳೆಗೆ ಮಣ್ಣಿನಿಂದೇಳುವ ಕೆಂಪು ಮಖಮಲ್ಲಿನ ಹುಳ, ಬೇಲಿಯ ಓತಿಕ್ಯಾತ, ಮುಂಗುಸಿ, ಕುರಿಹಿಂಡಿನ ಹಿಂದೆ ಬರುವ ತೋಳ, ಮುಧೋಳದ ನಾಯಿ, ಕಾರ ಹುಣ್ಣಿಮೆಗೆ ಕರಿ ಹರಿಯುವ ಎತ್ತು, ಮಣ್ಣೆತ್ತಿನ ಅಮಾವಾಸ್ಯೆಯ ಮಣ್ಣಿನ ಜೋಡಿ. ತಾಜಿರಿಯ ಮೊದಲ ಪಟ್ಟಿ 151ಕ್ಕೆ ನಿಂತಿತ್ತು. ಈ ಕಡೆಯ ತಾಲ್ಲೂಕುಗಳಲ್ಲಿ ತಿರುಗಿದರೆ ಅಷ್ಟನ್ನು ಸಲೀಸಾಗಿ ತುಂಬಬಹುದು. ಬೆಂಗಳೂರಿನಲ್ಲಿ ಗೇಮ್ ಕಟ್ಟುವ ಹುಡುಗ ಹುಡುಗಿಯರಲ್ಲಿ ಒಂದೇ ಕೇಳಿಕೆ: ಒಂದು ಮುಂಗಾರಿಗೆ ಈ ಕಡೆ ಬನ್ನಿ, ಸಾಲಿ ಹುಡುಗರನ್ನು ಜೊತೆಗೆ ಕರೆದುಕೊಳ್ಳಿ. ಮತ್ತೆ, ನೀವು ಮಾಡುವ ಆಟವನ್ನೂ ಇಬ್ಬರು ಕೂಡಿದರೆ ಮಾತ್ರ ಮುಗಿಯುವಂತೆ ಮಾಡಿ.