ಅಲಾಯ್ ಡಿಸ್ಕ್ ಬಗ್ಗಿದೆಯಾ? ಸುತ್ತಿಗೆ ಹಿಡಿಯೋ ಮುಂಚೆ ಇದನ್ನ ಓದ್ರಿ

ತಾವರಗೇರಾ: ಹೊಲದ ದಾರಿ, ಕ್ವಾರಿ ರಸ್ತೆ, ಹಳ್ಳದ ಕಲ್ಲು. ಈ ಭಾಗದಲ್ಲಿ ಥಾರ್‌ನಂಥ ಗಾಡಿ ಇಟ್ಟವರಿಗೆ ಇವೆಲ್ಲ ದಿನನಿತ್ಯದ ಹಾದಿ. ತಗ್ಗಿನಲ್ಲಿ ಒಮ್ಮೆ ಜೋರಾಗಿ ಇಳಿದರೆ ಸಾಕು, ಅಲಾಯ್ ಡಿಸ್ಕ್‌ನ ಅಂಚು ಬಗ್ಗುತ್ತದೆ. 'ಬಡದು ಸೀದಾ ಮಾಡಿಕೊಡ್ರಿ' ಅಂತ ಗಾಡಿ ಪಂಕ್ಚರ್ ಅಂಗಡಿ ಮುಂದೆ ಬಂದು ನಿಲ್ಲುತ್ತದೆ. ಕಬ್ಬಿಣದ ಡಿಸ್ಕ್‌ಗೆ ನಡೆಯುವ ಈ ಕೆಲಸ ಅಲ್ಯೂಮಿನಿಯಂ ಡಿಸ್ಕ್‌ಗೆ ನಡೆಯುವುದಿಲ್ಲ.

ಕಬ್ಬಿಣ ಬಗ್ಗುತ್ತೆ, ಅಲಾಯ್ ಸೀಳುತ್ತೆ

ಕಬ್ಬಿಣದ ಡಿಸ್ಕ್ ತಗಡಿನಿಂದ ಮಾಡಿದ್ದು. ಬಗ್ಗಿದರೆ ಬಡಿದು ಸರಿ ಮಾಡಬಹುದು. ಅಲಾಯ್ ಡಿಸ್ಕ್ ಹೆಚ್ಚಾಗಿ ಎರಕದ್ದು. ಎರಕ ಹೊಯ್ದ ಮೇಲೆ ಅದನ್ನು ಸುಮಾರು 540 ಡಿಗ್ರಿಗೆ ಕಾಯಿಸಿ, ನೀರಿನಲ್ಲಿ ತಣಿಸಿ, ಮತ್ತೆ ಕಡಿಮೆ ಶಾಖದಲ್ಲಿ ಕೆಲವು ಗಂಟೆ ಇಡುತ್ತಾರೆ. ಅದರ ಗಟ್ಟಿತನ ಬರುವುದೇ ಈ ಹದದಿಂದ.

ತಣ್ಣಗಿರುವಾಗ ಬಡಿದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಗ್ಯಾಸ್ ಹಚ್ಚಿ ಕಾಯಿಸಿದರೆ ಹದವೇ ಹೋಗುತ್ತದೆ. ಕಬ್ಬಿಣ ಕಾದರೆ ಕೆಂಪಾಗಿ ಗೊತ್ತಾಗುತ್ತದೆ, ಅಲ್ಯೂಮಿನಿಯಂ ಕರಗುವವರೆಗೂ ಬಣ್ಣ ಬದಲಿಸುವುದಿಲ್ಲ. ಹಾಗಾಗಿ ಎಷ್ಟು ಕಾದಿದೆ ಅಂತ ಕಣ್ಣಳತೆಯಲ್ಲಿ ಹೇಳೋಕಾಗಲ್ಲ. ಡಿಸ್ಕ್ ನೋಡಲು ದುಂಡಗಾದರೂ ಆ ಜಾಗ ಮೆತ್ತಗೇ ಇರುತ್ತದೆ.

ಇದೇ ಗಾಡಿ ಕುಷ್ಟಗಿಗೆ ಹೋಗಿ ರಾಷ್ಟ್ರೀಯ ಹೆದ್ದಾರಿ 50 ಹತ್ತುತ್ತದೆ. 80 ಕಿ.ಮೀ. ವೇಗದಲ್ಲಿ ಥಾರ್‌ನ 18 ಇಂಚಿನ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು ತಿರುಗುತ್ತದೆ. ಪ್ರತಿ ಸುತ್ತಿಗೂ ಆ ಮೆತ್ತಗಿನ ಜಾಗದ ಮೇಲೆ ಭಾರ ಬೀಳುತ್ತದೆ.

ಯಾವುದು ರಿಪೇರಿ, ಯಾವುದು ಗುಜರಿ

* ಬರೀ ಬಣ್ಣ ಕೆರೆದಿದ್ದರೆ ಉಜ್ಜಿ ಬಣ್ಣ ಹಚ್ಚಿದರೆ ಮುಗೀತು.
* ಅಂಚು ಮಾತ್ರ ಸ್ವಲ್ಪ ಬಗ್ಗಿ, ಬಿರುಕು ಇಲ್ಲದಿದ್ದರೆ ರಿಪೇರಿ ಆಗುತ್ತದೆ. ಆದರೆ ಹೈಡ್ರಾಲಿಕ್ ಪ್ರೆಸ್, ಡಯಲ್ ಗೇಜ್ ಇರುವ, ಶಾಖ ಅಳೆದು ಕೆಲಸ ಮಾಡುವ ಅಲಾಯ್ ರಿಪೇರಿ ಅಂಗಡಿಯಲ್ಲೇ ಮಾಡಿಸಬೇಕು.
* ಬಿರುಕು ಬಿಟ್ಟಿದ್ದರೆ, ಚೂರು ಹಾರಿದ್ದರೆ, ಕಡ್ಡಿ ಅಥವಾ ಬೋಲ್ಟ್ ತೂತಿನ ಹತ್ತಿರ ಬಗ್ಗಿದ್ದರೆ ಅದು ಗುಜರಿಗೇ. ವೆಲ್ಡಿಂಗ್ ಹೊಡೆದರೆ ಅದರ ಸುತ್ತಲಿನ ಜಾಗವೂ ಹದ ಕಳೆದುಕೊಳ್ಳುತ್ತದೆ.

ಪತ್ತೆ ಹಚ್ಚೋದು ಹೇಗೆ?

ಒಂದೇ ಟೈರ್ ಮತ್ತೆ ಮತ್ತೆ ಗಾಳಿ ಬಿಡುತ್ತಿದ್ದರೆ, ಆದರೂ ಪಂಕ್ಚರ್ ಸಿಗದಿದ್ದರೆ, ಡಿಸ್ಕ್ ಅಂಚಿಗೆ ಸೋಪಿನ ನೀರು ಹಾಕಿ ನೋಡಬೇಕು. ಸ್ಟೇರಿಂಗ್ ನಡುಗುವುದೂ ಒಂದು ಗುರುತು. ಗಾಡಿಯನ್ನು ಜಾಕ್ ಮೇಲೆ ಎತ್ತಿ, ಭದ್ರವಾಗಿ ಸ್ಟ್ಯಾಂಡ್ ಕೊಟ್ಟು, ಸ್ಕ್ರೂಡ್ರೈವರ್ ತುದಿಯನ್ನು ಅಂಚಿನ ಹತ್ತಿರ ಅಲುಗಾಡದಂತೆ ಹಿಡಿದು ಚಕ್ರ ತಿರುಗಿಸಿದರೆ ಎಲ್ಲಿ ಬಗ್ಗಿದೆ ಅಂತ ಕಾಣುತ್ತದೆ. ಒಳಗಡೆಯ ಅಂಚನ್ನೂ ನೋಡಬೇಕು, ಅಲ್ಲಿ ಬಗ್ಗಿದ್ದು ಹೊರಗಿನಿಂದ ಕಾಣಿಸುವುದಿಲ್ಲ.

ಬಿರುಕು ನೋಡಲು ಹಳೇ ಉಪಾಯವೊಂದಿದೆ. ಟೈರ್ ಬಿಚ್ಚಿ, ಡಿಸ್ಕ್ ತೊಳೆದು ಒಣಗಿಸಿ, ಸೀಮೆಎಣ್ಣೆ ಸವರಬೇಕು. ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಿದರೆ ಬಿರುಕಿನಿಂದ ಎಣ್ಣೆ ಜಿನುಗಿ ಗೆರೆ ಮೂಡುತ್ತದೆ. ಸಣ್ಣ ಬಿರುಕು ಇದಕ್ಕೂ ಸಿಗದೇ ಇರಬಹುದು. ಇದೇ ಕೆಲಸಕ್ಕೆಂದು ಬರುವ ಕೆಂಪು ಬಣ್ಣದ ಸ್ಪ್ರೇ ಹೆಚ್ಚು ನಂಬಿಕೆಯದು.

ಅಂಗಡಿಯವರಿಗೆ ಎಚ್ಚರಿಕೆ

ಟೈರ್ ಡಿಸ್ಕ್ ಮೇಲಿರುವಾಗ ಯಾವ ಕಾರಣಕ್ಕೂ ಗ್ಯಾಸ್ ಅಥವಾ ವೆಲ್ಡಿಂಗ್ ಹಚ್ಚಬಾರದು. ಗಾಳಿ ಬಿಟ್ಟಿದ್ದರೂ ಒಳಗಿನ ರಬ್ಬರ್ ಕಾದು ಅನಿಲ ತುಂಬಿ ಟೈರ್ ಸಿಡಿಯಬಹುದು. ಎದುರಿಗೆ ಕೂತವರ ಜೀವಕ್ಕೇ ಅಪಾಯ.

ಬಿರುಕು ಬಿಟ್ಟ ಡಿಸ್ಕ್ ಗುಜರಿಗೆ ಹಾಕುವಾಗ ಕತ್ತರಿಸಿ ಹಾಕುವುದು ಒಳ್ಳೆಯದು. ತೂಕದ ರೇಟು ಹೇಗೂ ಸಿಗುತ್ತದೆ, ಬಣ್ಣ ಬಳಿದು ಇನ್ನೊಬ್ಬರ ಗಾಡಿಗೆ ಮಾರುವುದು ತಪ್ಪುತ್ತದೆ. ಹೊಸದು ಕೊಳ್ಳುವವರು ಐಎಸ್ಐ ಗುರುತು ನೋಡಿಕೊಳ್ಳಬೇಕು.

ಇನ್ನು ಡಿಸ್ಕ್ ಬಗ್ಗದಂತೆ ಕಾಯುವುದು ಗಾಳಿ. ಕೆಸರು, ಮರಳಿಗೆ ಅಂತ ಗಾಳಿ ಇಳಿಸಿದವರು ಡಾಂಬರು ರಸ್ತೆಗೆ ಬಂದ ಕೂಡಲೇ ಕಂಪನಿ ಹೇಳಿದಷ್ಟು ತುಂಬಿಸಿಕೊಳ್ಳಬೇಕು. ಗಾಳಿ ಕಡಿಮೆ ಇದ್ದರೆ ತಗ್ಗಿನ ಪೆಟ್ಟು ಟೈರ್ ದಾಟಿ ನೇರ ಡಿಸ್ಕ್‌ಗೇ ಬೀಳುತ್ತದೆ.