ಐಸು ಕರಗಿದರೆ ಸಮುದ್ರ ಉಕ್ಕುವುದೇ? ಅಡುಗೆಮನೆಯಲ್ಲೇ ಮಕ್ಕಳಿಗೆ ತೋರಿಸಿ

ಬೇಸಿಗೆ ರಜೆ ಬಂತೆಂದರೆ ಸಾಕು, ಫ್ರಿಜ್ಜಿನ ಬಾಗಿಲಿಗೆ ಬಿಡುವೇ ಇಲ್ಲ. ಪಾನಕಕ್ಕೆ ಐಸು, ಷರಬತ್ತಿಗೆ ಐಸು, ಕೊನೆಗೆ ಸುಮ್ಮನೆ ಬಾಯಿಗೆ ಹಾಕಿಕೊಂಡು ಚೀಪುವುದಕ್ಕೂ ಐಸು! ಅದೇ ಐಸಿನಿಂದ ಮಕ್ಕಳಿಗೆ ಒಂದು ದೊಡ್ಡ ವಿಷಯ ಕಲಿಸಬಹುದು ಎಂದರೆ ನಂಬುತ್ತೀರಾ?

ಈಗಿನ ಮಕ್ಕಳು ಟೀವಿಯಲ್ಲಿ, ಮೊಬೈಲಿನಲ್ಲಿ ಹಿಮದ ಗೋಡೆಗಳು ಕುಸಿದು ಸಮುದ್ರಕ್ಕೆ ಬೀಳುವುದನ್ನು ನೋಡುತ್ತಾರೆ. “ಭೂಮಿ ಬಿಸಿಯಾಗುತ್ತಿದೆ, ಹಿಮ ಕರಗುತ್ತಿದೆ, ಸಮುದ್ರ ಏರುತ್ತಿದೆ” ಎಂದು ಗಿಳಿಪಾಠ ಒಪ್ಪಿಸುತ್ತಾರೆ. ರಾತ್ರಿ ಮಲಗುವಾಗ ಮಾತ್ರ ಮೆಲ್ಲಗೆ ಕೇಳುತ್ತಾರೆ: “ಅಮ್ಮಾ, ನಾವೆಲ್ಲ ಮುಳುಗಿ ಹೋಗ್ತೀವಾ?”

“ಸುಮ್ನೆ ಮಲಕ್ಕೋ” ಎಂದು ಗದರಿಸಿದರೆ ಅಂಜಿಕೆ ಒಳಗೇ ಉಳಿಯುತ್ತದೆ. “ಏನೂ ಆಗಲ್ಲ ಬಿಡು” ಎಂದರೆ ಅದು ನಿಜವಲ್ಲ. ಹಾಗಾದರೆ ಏನು ಹೇಳುವುದು? “ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ವಿಜ್ಞಾನ ನನಗೇನು ಗೊತ್ತು?” ಎಂದು ಹಿಂಜರಿಯಬೇಡಿ. ಹಾಲು ಉಕ್ಕುವ ಹೊತ್ತು, ಮೊಸರು ಹೆಪ್ಪಾಗುವ ಹದ, ಪಾಕದ ಎಳೆ ಇವನ್ನೆಲ್ಲ ಕಣ್ಣಳತೆಯಲ್ಲೇ ಬಲ್ಲ ನಿಮಗೆ ಪ್ರಯೋಗವೇನೂ ಹೊಸದಲ್ಲ.

ಮೊದಲೇ ಒಂದು ಮಾತು. ಉತ್ತರವನ್ನು ನೀವಾಗಿ ಹೇಳಬೇಡಿ. “ಏನಾಗುತ್ತೆ, ನೀನೇ ಹೇಳು ನೋಡೋಣ” ಎಂದು ಮಗುವಿನ ಊಹೆಯನ್ನು ಕೇಳಿ, ಒಂದು ಚೀಟಿಯಲ್ಲಿ ಬರೆಸಿಡಿ. ಊಹೆ ತಪ್ಪಾದರೆ ನಗಬೇಡಿ. ತಪ್ಪಿದ ಊಹೆಯೇ ಮನಸ್ಸಿನಲ್ಲಿ ಹೆಚ್ಚು ದಿನ ಉಳಿಯುವುದು.

ಎರಡು ಲೋಟಗಳ ಪ್ರಯೋಗ

ಬೇಕಾಗುವ ಸಾಮಾನು: ಒಂದೇ ಅಳತೆಯ ಗಾಜಿನ ಲೋಟ 2, ಚಹಾ ಸೋಸುವ ಜರಡಿ 1, ಒಂದೇ ಗಾತ್ರದ ಐಸಿನ ತುಂಡು 6, ಹಣೆಗಿಡುವ ಸ್ಟಿಕ್ಕರ್ 2, ನೀರು.

ಮಾಡುವ ವಿಧಾನ: ಒಂದು ಲೋಟಕ್ಕೆ 3 ತುಂಡು ಐಸು ಹಾಕಿ, ಅವು ತಳ ಮುಟ್ಟದೆ ತೇಲುವಷ್ಟು ನೀರು ಹೊಯ್ಯಿರಿ. ಇನ್ನೊಂದು ಲೋಟಕ್ಕೆ ಅದೇ ಮಟ್ಟಕ್ಕೆ ಬರೀ ನೀರು ತುಂಬಿ. ಅದರ ಬಾಯಿ ಮೇಲೆ ಜರಡಿ ಇಟ್ಟು, ಉಳಿದ 3 ತುಂಡುಗಳನ್ನು ಜರಡಿಯಲ್ಲಿಡಿ. ಜರಡಿ ನೀರಿಗೆ ತಾಗಬಾರದು. ಎರಡು ಲೋಟಗಳ ಹೊರಗೂ ನೀರಿನ ಮಟ್ಟಕ್ಕೆ ಸರಿಯಾಗಿ ಒಂದೊಂದು ಸ್ಟಿಕ್ಕರ್ ಅಂಟಿಸಿ. ಗಾಜು ಬೆವರುವ ಮುಂಚೆಯೇ ಅಂಟಿಸಿಬಿಡಿ, ಇಲ್ಲವಾದರೆ ಜಾರೀತು.

ಈಗ ನೀವು ಸಾರಿಗೆ ಒಗ್ಗರಣೆ ಹಾಕಿ, ಪಲ್ಯ ಇಳಿಸಿ ಬನ್ನಿ. ಐಸು ಪೂರ್ತಿ ಕರಗಿದ ಮೇಲೆ ಮಗುವನ್ನೇ ಕರೆದು ಮಟ್ಟ ನೋಡಲು ಹೇಳಿ. ಐಸು ತೇಲುತ್ತಿದ್ದ ಲೋಟದಲ್ಲಿ ನೀರು ಸ್ಟಿಕ್ಕರಿನ ಹತ್ತಿರವೇ ನಿಂತಿರುತ್ತದೆ. ಜರಡಿಯಿಂದ ಹನಿ ಬಿದ್ದ ಲೋಟದಲ್ಲಿ ಮಾತ್ರ ನೀರು ಮೇಲೇರಿರುತ್ತದೆ. ಎರಡರಲ್ಲೂ ಏರುತ್ತದೆಂದು ದೊಡ್ಡವರೇ ಎಷ್ಟೋ ಮಂದಿ ತಿಳಿದಿರುತ್ತಾರೆ!

ಕಾರಣ ಸರಳ. ತೇಲುವ ಐಸು ತನ್ನ ತೂಕದಷ್ಟೇ ನೀರನ್ನು ಮೊದಲೇ ಪಕ್ಕಕ್ಕೆ ತಳ್ಳಿರುತ್ತದೆ. ಕರಗಿ ನೀರಾದಾಗ ಆ ಜಾಗಕ್ಕೇ ಸರಿಹೋಗುತ್ತದೆ. ಜರಡಿಯ ಐಸು ಹಾಗಲ್ಲ, ಅದು ಹೊರಗಿನಿಂದ ಬಂದು ಸೇರಿದ ಹೊಸ ನೀರು.

ಈಗ ಭೂಪಟ ತೆರೆಯಿರಿ. ಉತ್ತರ ಧ್ರುವದ ಸಮುದ್ರದ ಮೇಲಿನ ಹಿಮ ಮೊದಲ ಲೋಟದ ಹಾಗೆ, ತೇಲುವಂಥದು. ಅದು ಕರಗಿದರೆ ಸಮುದ್ರದ ಮಟ್ಟ ಹೆಚ್ಚೇನೂ ಬದಲಾಗದು. ಆದರೆ ಬಿಸಿಲನ್ನು ಹಿಂದಕ್ಕೆ ಅಟ್ಟುವ ಬಿಳಿ ಹೊದಿಕೆ ಹೋಗಿ, ಕಪ್ಪು ನೀರು ಬಿಸಿಲನ್ನು ಹೀರುತ್ತದೆ. ಬಿಸಿಲಿನಲ್ಲಿ ಬಿಳಿ ಸೀರೆಗೂ ಕಪ್ಪು ಸೀರೆಗೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆಯಲ್ಲ! ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾಗಳ ನೆಲದ ಮೇಲಿನ ಹಿಮ, ನಮ್ಮ ಹಿಮಾಲಯದ ಗಂಗೋತ್ರಿಯಂಥ ಹಿಮನದಿಗಳು ಜರಡಿಯ ಐಸಿನ ಹಾಗೆ. ಅವು ಕರಗಿದಷ್ಟೂ ಸಮುದ್ರಕ್ಕೆ ಹೊಸ ನೀರು ಸೇರುತ್ತದೆ.

ನೀರೂ ಉಬ್ಬುತ್ತದೆ!

ಐಸು ಕರಗದಿದ್ದರೂ ಸಮುದ್ರ ಏರಲು ಇನ್ನೊಂದು ಕಾರಣವಿದೆ. ಔಷಧಿಯ ಖಾಲಿ ಗಾಜಿನ ಬಾಟಲಿಯನ್ನು ಚೆನ್ನಾಗಿ ತೊಳೆದು, ಎರಡು ಹನಿ ಶಾಯಿ ಬೆರೆಸಿದ ತಣ್ಣೀರನ್ನು ಬಾಯಿಮಟ್ಟ ತುಂಬಿ. ತೆಳುವಾದ, ಒಳಗಿನ ನೀರು ಕಾಣುವಂಥ ಸ್ಟ್ರಾ ಒಂದನ್ನು ಇಳಿಬಿಟ್ಟು, ಸುತ್ತಲೂ ಚಪಾತಿ ಹಿಟ್ಟಿನಿಂದ ಗಾಳಿಯಾಡದಂತೆ ಮುಚ್ಚಿ. ಸ್ಟ್ರಾದಲ್ಲಿ ನೀರು ಎಲ್ಲಿಗೆ ನಿಂತಿದೆಯೋ ಅಲ್ಲಿಗೆ ಪೆನ್ನಿನಿಂದ ಗುರುತು ಹಾಕಿ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಡಿ. ಕುದಿಯುವ ನೀರು ಬೇಡ, ಗಾಜು ಸಿಡಿದೀತು. ಸ್ನಾನಕ್ಕೆ ಕಾಯಿಸಿದಷ್ಟು ಬಿಸಿ ಸಾಕು.

ಗಾಜು ಮೊದಲು ಬಿಸಿಯಾಗಿ ಹಿಗ್ಗುವುದರಿಂದ ನೀರು ಚೂರು ಕೆಳಗಿಳಿದಂತೆ ಕಾಣಬಹುದು. ಗಾಬರಿ ಬೇಡ, ಆಮೇಲೆ ನಿಧಾನವಾಗಿ ಮೇಲೇರುತ್ತದೆ. ಒಂದು ಹನಿ ನೀರನ್ನೂ ಸೇರಿಸಿಲ್ಲ, ಆದರೂ ಏರಿತು! ಸಮುದ್ರವೂ ಹೀಗೇ ಬಿಸಿಯಾಗಿ ಉಬ್ಬುತ್ತಿದೆ. 1971ರಿಂದ 2018ರವರೆಗೆ ಸಮುದ್ರ ಏರಿದ್ದರಲ್ಲಿ ಸುಮಾರು ಅರ್ಧಪಾಲು ಈ ಉಬ್ಬುವಿಕೆಯಿಂದಲೇ ಆದದ್ದು ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ.

ಮಗುವಿನ ಪ್ರಶ್ನೆಗೆ ಏನು ಹೇಳುವಿರಿ?

ನಿಜವನ್ನೇ ಹೇಳಿ, ಅಳತೆ ಸಮೇತ ಹೇಳಿ. 1901ರಿಂದ 2018ರವರೆಗೆ ಜಗತ್ತಿನ ಸಮುದ್ರಗಳು ಸರಾಸರಿ 20 ಸೆಂಟಿಮೀಟರಿನಷ್ಟು, ಅಂದರೆ ಹೆಚ್ಚುಕಡಿಮೆ ಒಂದು ಗೇಣು, ಏರಿವೆ. ಮಗುವಿನ ಸ್ಕೇಲಿನಲ್ಲೇ ತೋರಿಸಿ. 2006ರಿಂದ 2018ರವರೆಗಿನ ಅವಧಿಯಲ್ಲಿ ವರ್ಷಕ್ಕೆ ಸುಮಾರು 3.7 ಮಿಲಿಮೀಟರ್ ಏರಿದೆ. ಮೊದಲಿಗಿಂತ ವೇಗ ಹೆಚ್ಚಾಗಿದೆ. ಗ್ರೀನ್‌ಲ್ಯಾಂಡಿನ ಹಿಮವೆಲ್ಲ ಕರಗಿದರೆ ಸುಮಾರು 7 ಮೀಟರ್ ಏರುತ್ತದೆ, ಆದರೆ ಅದು ನಾಳೆ ನಾಡಿದ್ದು ಆಗುವ ಮಾತಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ, ಅದು ಸಮುದ್ರದಲ್ಲಿ ಮುಳುಗುವುದಿಲ್ಲ.

“ಹಾಗಾದ್ರೆ ನಮಗೇನು?” ಎಂದು ಮಗು ಕೇಳಿದರೆ ಅಲ್ಲಿಗೇ ಬಿಡಬೇಡಿ. ಮಾಲ್ಡೀವ್ಸ್‌ನ ದ್ವೀಪಗಳಲ್ಲಿ ಹೆಚ್ಚಿನವು ಸಮುದ್ರಕ್ಕಿಂತ ಒಂದು ಮೀಟರೂ ಎತ್ತರವಿಲ್ಲ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಕಡಲ್ಕೊರೆತ ಹೊಸದಲ್ಲ, ಅದಕ್ಕೆ ಅಲೆಗಳ ಅಬ್ಬರವೂ ದಡದಲ್ಲಿ ಕಟ್ಟಿದ ಕಲ್ಲಿನ ತಡೆಗಳೂ ಕಾರಣ. ಆದರೆ ಸಮುದ್ರವೇ ಒಂದು ಗೇಣು ಮೇಲೆ ನಿಂತರೆ ಅದೇ ಅಲೆ ಇನ್ನಷ್ಟು ಒಳಗೆ ಬರುತ್ತದೆ, ಬಾವಿಯ ನೀರಿಗೂ ಉಪ್ಪು ಸೇರೀತು. ಅಲ್ಲಿ ಮೀನುಗಾರರ ಮನೆಯ ಮಗುವೂ ನಿಮ್ಮ ಮಗುವಿನ ವಯಸ್ಸಿನದೇ ಅಲ್ಲವೇ?

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿದ ಹೊಗೆಯಿಂದ ಭೂಮಿಗೆ ಈ ಕಾವು ಬಂದಿದೆ ಎಂಬುದನ್ನೂ ತಿಳಿಸಿ. ನಮ್ಮನೆಯ ಒಂದು ಫ್ಯಾನ್ ಆರಿಸಿದರೆ ಸಮುದ್ರ ಇಳಿಯುವುದಿಲ್ಲ, ನಿಜ. ಆದರೆ ಏಕೆ ಆರಿಸಬೇಕೆಂದು ತಿಳಿದ ಮಗು ನಾಳೆ ಊರಿನ ಮಾತಿನಲ್ಲೂ ಕಾರಣ ಕೇಳುತ್ತದೆ, ಲೆಕ್ಕ ಕೇಳುತ್ತದೆ. ಹೆದರಿ ಮಲಗುವುದಕ್ಕಿಂತ ಅದು ಎಷ್ಟೋ ಮೇಲು.

ಹಾಂ, ಶಾಯಿಯ ನೀರನ್ನು ಮಾತ್ರ ಚೆಲ್ಲಿಬಿಡಿ. ಲೋಟಗಳಲ್ಲಿರುವ ತಣ್ಣೀರಿಗೆ ಅರ್ಧ ಹೋಳು ನಿಂಬೆಹಣ್ಣು, ಎರಡು ಚಮಚ ಸಕ್ಕರೆ, ಚಿಟಿಕೆ ಏಲಕ್ಕಿ ಪುಡಿ ಹಾಕಿ ಕದಡಿ. ಪ್ರಯೋಗ ಮಾಡಿದ ಪುಟ್ಟ ವಿಜ್ಞಾನಿಗೆ ಪಾನಕ ಸಿದ್ಧ!